ಕುರ್ಚಿ ಸಾಹುಕಾರರು ಕೂತ ದಿನ

ಊರಿಗೆಲ್ಲ ಅವರು ಕುರ್ಚಿ ಸಾಹುಕಾರರು. ಸಾಹುಕಾರಿಕೆ ಎಂದರೆ ಇಷ್ಟೇ: ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಉದ್ದನೆಯ ಒಂದು ತಗಡಿನ ಶೆಡ್ಡು, ಅದರ ತುಂಬ ಮಡಚುವ ಕಬ್ಬಿಣದ ಕುರ್ಚಿಗಳು, ಮುಂದುಗಡೆ ಬಾಗಿಲು ಸರಿಯಾಗಿ ಮುಚ್ಚದ ಒಂದು ವ್ಯಾನು. ಮದುವೆಯಿರಲಿ, ಸಭೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ನಾಲ್ಕು ಜನ ಕೂರಬೇಕಾದಲ್ಲೆಲ್ಲ ಕುರ್ಚಿ ಇವರದೇ. ಊರನ್ನೇ ಕೂರಿಸಿದ ಮನುಷ್ಯ ಎಂದು ಸ್ನೇಹಿತರು ರೇಗಿಸುತ್ತಿದ್ದರು.

ಅವರು ಮಾತ್ರ ಯಾವ ಸಮಾರಂಭದಲ್ಲೂ ಕೂತವರಲ್ಲ. ಕಸುಬನ್ನು ಕೈಗೆ ಕೊಡುವಾಗ ಅವರ ಅಪ್ಪ ಎರಡೇ ಮಾತು ಹೇಳಿದ್ದರು: ಬಾಡಿಗೆಗೆ ಕೊಟ್ಟ ಕುರ್ಚಿಯಲ್ಲಿ ನಾವು ಕೂರಬಾರದು, ಕೂತವರನ್ನು ಏಳಿ ಅನ್ನಬಾರದು. ಹಾಗಾಗಿ ಸಾಹುಕಾರರ ಆಯುಷ್ಯದ ಬಹುಪಾಲು ಭಾನುವಾರಗಳು ಯಾರದೋ ಮದುವೆಯ ಹಿಂಬದಿಯ ಗೋಡೆಗೆ ಒರಗಿ, ಕಡೆಯ ಅಜ್ಜಿ ಯಾವಾಗ ಏಳುತ್ತಾಳೋ ಎಂದು ಕಾಯುವುದರಲ್ಲೇ ಕಳೆದವು. ಕುರ್ಚಿ ಎತ್ತುವಾಗ ಕರವಸ್ತ್ರ, ಕನ್ನಡಕ ಸಿಗುತ್ತಿದ್ದವು. ಒಮ್ಮೆ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಅದರ ಯಜಮಾನರು ಮಾರನೆಯ ದಿನ ಬಾಯಿಗೆ ಟವೆಲು ಅಡ್ಡ ಹಿಡಿದು ಶೆಡ್ಡಿಗೆ ಬಂದು, ಏನೂ ಮಾತಾಡದೆ, ಮಾತಾಡುವ ಹಾಗೂ ಇರಲಿಲ್ಲ, ಇಸಿದುಕೊಂಡು ಹೋದರು.

ಇಂಥ ಸಾಹುಕಾರರಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಆಟ ಕಲಿಸುವ ಟೀಚರ್, ಮನೆಯಲ್ಲಿ ಪುಟ್ಟಿ. ಅವಳ ಮದುವೆಗೆಂದೇ ಅವರು ಶೆಡ್ಡಿನ ಮೂಲೆಯಲ್ಲಿ ಹೊಸ ಕುರ್ಚಿಗಳ ಒಂದು ರಾಶಿಯನ್ನು, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚದೆ, ಯಾರು ಕೇಳಿದರೂ ಕೊಡದೆ ಇಟ್ಟಿದ್ದರು.

ಒಂದು ಬೆಳಿಗ್ಗೆ ಆ ಮಗಳು ಕಾಫಿ ಲೋಟ ಕೆಳಗಿಟ್ಟು, “ಅಪ್ಪ, ನಾವು ಓಡಿಹೋಗಿ ಮದುವೆ ಆಗೋಣ ಅಂತಿದ್ದೀವಿ” ಅಂದಳು.

“ಯಾರ ಜೊತೆ?” ಎಂದರು ಸಾಹುಕಾರರು ಗಾಬರಿಯಿಂದ.

“ಇನ್ಯಾರ ಜೊತೆ? ನೀವೆಲ್ಲ ಒಪ್ಪಿರೋ ಹುಡುಗನ ಜೊತೆನೇ.”

ಹುಡುಗ ಈಜು ಕಲಿಸುವವನು. ಅವನನ್ನು ಒಪ್ಪಿ ಎಷ್ಟೋ ತಿಂಗಳಾಗಿತ್ತು.

“ಒಪ್ಪಿದ ಮೇಲೆ ಓಡೋದು ಯಾಕಮ್ಮ? ಅಟ್ಟಿಸ್ಕೊಂಡು ಬರೋರು ಯಾರೂ ಇಲ್ವಲ್ಲ?”

“ನಿಮ್ಮ ಕುರ್ಚಿಗಳು ಅಟ್ಟಿಸ್ಕೊಂಡು ಬರ್ತಾವಲ್ರೀ, ಸಾಲದಾ?” ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ಪುಟ್ಟಿ ನಕ್ಕಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಚಿಕ್ಕವಳಿದ್ದಾಗಿನಿಂದ ವ್ಯಾನಿನಲ್ಲಿ ಮಡಚಿದ ಕುರ್ಚಿಗಳ ಮೇಲೆ ಮಲಗಿ ಅವಳು ನೋಡಿದಷ್ಟು ಮದುವೆಗಳನ್ನು ಯಾವ ಪುರೋಹಿತನೂ ನೋಡಿರಲಾರ. ಸಾಕಾಗಿತ್ತು. ಬೆಟ್ಟವೋ ಕಾಡೋ ಕಡಲೋ, ಎಲ್ಲಾದರೂ ಗಾಳಿ ಬೆಳಕು ಇರುವಲ್ಲಿ, ಅವರಿಬ್ಬರೇ ನಿಂತು ಮದುವೆಯಾಗಬೇಕು. ಅಪ್ಪ ಅಮ್ಮ ಬಂದರೆ ಹುಡುಗನ ತಾಯಿಯೂ ಬರಬೇಕು. ಅವರಿಗೆ ಆರು ಜನ ತಂಗಿಯರು. ಅಕ್ಕ ಹೋಗಿ ತಂಗಿಯರು ಉಳಿದರೆ ಆ ಮನೆಯಲ್ಲಿ ಮುಂದಿನ ಹತ್ತು ವರ್ಷ ಮಾತುಕತೆ ನಿಂತುಹೋಗುತ್ತದೆ. ಆದ್ದರಿಂದ ಯಾರೂ ಬೇಡ. ಸಾಕ್ಷಿಗೆ ದಾರಿಯಲ್ಲಿ ನಡೆದು ಹೋಗುವವರನ್ನೇ ಕರೆದರಾಯಿತು.

“ಬೇಜಾರಾ ಅಪ್ಪ?”

“ಛೆ ಛೆ, ನನಗ್ಯಾಕೆ ಬೇಜಾರು?” ಎಂದರು ಸಾಹುಕಾರರು. “ಎಲ್ಲಿಗೆ ಓಡ್ತೀರಿ ಹೇಳು. ವ್ಯಾನ್ ಬೇಕಾ?”

ಅಂದು ಶೆಡ್ಡಿಗೆ ಹೋದವರು ಆ ಹೊಸ ಕುರ್ಚಿಗಳ ಮುಂದೆ ಬಹಳ ಹೊತ್ತು ನಿಂತಿದ್ದರು. ಊರಿನ ಅಷ್ಟೂ ಮಕ್ಕಳ ಮದುವೆಯನ್ನು ಹಿಂಬದಿಯ ಗೋಡೆಯಿಂದಲಾದರೂ ನೋಡಿದ್ದಾಯಿತು. ಸ್ವಂತ ಮಗಳದಕ್ಕೆ ಆ ಗೋಡೆಯೂ ಇಲ್ಲ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಮಗಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ದೊಡ್ಡ ತೊಂದರೆ.

ಸಿಟ್ಟು ಮಾಡಲಾಗದ ಮನುಷ್ಯ ಕೆಲಸಕ್ಕೆ ನಿಲ್ಲುತ್ತಾನೆ. ಜಾಗ ಹುಡುಕುವ ಹೊಣೆ ತನ್ನದು ಎಂದು ಅವರು ಸಾರಿಬಿಟ್ಟರು. ಪುಟ್ಟಿಗೆ ಬೆಟ್ಟ ಇಷ್ಟ, ಹುಡುಗನಿಗೆ ಕಡಲು ಇಷ್ಟ, ಜಗಳ ಬೇಡವೆಂದರೆ ನಡುವೆ ಕಾಡು. ರಜೆ ಸಿಕ್ಕಾಗಲೆಲ್ಲ ಹೆಂಡತಿಯನ್ನು ವ್ಯಾನಿಗೆ ಹತ್ತಿಸಿಕೊಂಡು ಹೊರಟರು. ಜಾಗದ ಯೋಗ್ಯತೆ ತಿಳಿಯಲು ಅವರಿಗೆ ಗೊತ್ತಿದ್ದ ಪರೀಕ್ಷೆ ಒಂದೇ: ಕುರ್ಚಿ ಬಿಡಿಸಿ ನಿಲ್ಲಿಸಿ, ಅಂಗೈಯಿಂದ ಒತ್ತಿ, ಕಾಲು ಕುಂಟುತ್ತದೋ ನೋಡುವುದು.

“ಅವರು ನಿಂತ್ಕೊಂಡು ಮದುವೆ ಆಗ್ತಾರಂತೆ ಕಣ್ರೀ. ಕುರ್ಚಿ ಯಾಕೆ?”

“ಕುರ್ಚಿ ನಿಲ್ಲದ ಕಡೆ ಮನುಷ್ಯ ಹೇಗೆ ನಿಲ್ತಾನೆ?”

ಕಡಲ ದಂಡೆಯಲ್ಲಿ ಕುರ್ಚಿ ಮೊಣಕಾಲವರೆಗೆ ಮರಳಿನಲ್ಲಿ ಇಳಿದು, ಅಲೆಯೊಂದು ಬಂದು, ಮೊದಲ ಬಾರಿಗೆ ಬಾಡಿಗೆಯಿಲ್ಲದೆ ಪ್ರಯಾಣ ಹೊರಟಿತು. ಸಾಹುಕಾರರು ಪ್ಯಾಂಟು ಒದ್ದೆ ಮಾಡಿಕೊಂಡು ಅದನ್ನು ಎಳೆದು ತಂದರು. ದಂಡೆಯ ಮೇಲಿದ್ದ ಜನ ಚಪ್ಪಾಳೆ ತಟ್ಟಿದರು. ಕಾಡಿನಲ್ಲಿ ಬೇರುಗಳ ನಡುವೆ ನಾಲ್ಕು ಕಾಲಿಗೆ ನಾಲ್ಕು ಎತ್ತರ; ಸರಿಮಾಡಲು ಬಗ್ಗಿದವರ ಅಂಗಿಯೊಳಗೆ ಇರುವೆಗಳು ಹೊಕ್ಕು, ಹೆಂಡತಿ ನಗುವುದೋ ಕೊಡವುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದಳು. ಕೊನೆಗೆ ಒಂದು ಬೆಟ್ಟದ ಹೆಗಲ ಮೇಲೆ, ಗಾಳಿಗೆ ಬೆನ್ನು ಕೊಟ್ಟ ಬಂಡೆಯ ಮಗ್ಗುಲಲ್ಲಿ, ಹುಲ್ಲಿನ ಒಂದು ಚಪ್ಪಟೆ ಜಾಗ ಸಿಕ್ಕಿತು. ಕೆಳಗೆ ಕಾಡು, ಕಾಡಿನಾಚೆ ಕಡಲು. ಕುರ್ಚಿ ಇಟ್ಟರು. ಒತ್ತಿದರು. ಕುಂಟಲಿಲ್ಲ.

“ಇದೇ” ಎಂದರು. ಹೆಂಡತಿ ಸೆರಗಿನಿಂದ ಕುರ್ಚಿಯ ಮೇಲಿನ ಧೂಳು ಒರೆಸಿದಳು. ಅವಳಿಗೂ ಮದುವೆಗೆ ಬರಬೇಕೆನಿಸಿತ್ತು ಎಂಬುದು ಸಾಹುಕಾರರಿಗೆ ತಿಳಿದದ್ದು ಆಗಲೇ.

ಜಾಗ ನೋಡಿದ ಜೋಡಿ ಕುಣಿದಾಡಿತು. ಉಳಿದದ್ದು ಮದುವೆ ನೋಂದಣಿ ಮಾಡಿಸುವ ಅಧಿಕಾರಿ. ಆಕೆಗೂ ಕಚೇರಿಯ ಫ್ಯಾನಿನ ಕೆಳಗೆ ಮದುವೆ ಮಾಡಿಸಿ ಮಾಡಿಸಿ ಬೇಸರವಾಗಿತ್ತಂತೆ. ಬೆಟ್ಟಕ್ಕೆ ಬರುತ್ತೇನೆ ಅಂದರು. ಆದರೆ ಒಂದು ಮಾತು.

“ಮೇಡಂಗೆ ಮಂಡಿ ನೋವಂತೆ ಅಪ್ಪ,” ಎಂದಳು ಪುಟ್ಟಿ. “ಹತ್ತುವಾಗ ಕೈ ಹಿಡಿಯೋರು ಯಾರಾದರೂ ಬೇಕಂತೆ. ಮೇಲೆ ಹೋದ ತಕ್ಷಣ ಕೂರೋಕೆ ಒಂದು ಕುರ್ಚಿ ಬೇಕಂತೆ.”

ಸಾಹುಕಾರರು ಕೈಯಲ್ಲಿದ್ದ ಪೇಪರನ್ನು ಬಹಳ ಜೋಪಾನವಾಗಿ ಮಡಚಿದರು.

“ಕುರ್ಚಿ ತಾನಾಗಿ ಬೆಟ್ಟ ಹತ್ತಲ್ಲ.”

“ಅಪ್ಪ...”

“ನಾನು ಬರ್ತಿಲ್ಲಮ್ಮ! ಕುರ್ಚಿ ಬರ್ತಿದೆ. ನಾನು ಅದರ ಹಿಂದೆ. ಇಷ್ಟು ಮದುವೆ ನೋಡಿದ್ದೀಯ, ಕುರ್ಚಿಯವನನ್ನ ಯಾರಾದರೂ ನೆಂಟ ಅಂತ ಎಣಿಸಿದ್ದು ನೋಡಿದ್ದೀಯಾ?”

ಪುಟ್ಟಿ ನಗಲು ಹೋದಳು, ಅದು ಅರ್ಧಕ್ಕೇ ನಿಂತಿತು. “ದೂರ ನಿಂತ್ಕೋಬೇಕು ಮತ್ತೆ,” ಅಂದಳು, ಕಣ್ಣು ಬೇರೆ ಕಡೆ ತಿರುಗಿಸಿ.

“ಅದು ನನಗೆ ಅಭ್ಯಾಸ.”

“ಹಾಗಾದರೆ ಕುರ್ಚಿ ಒರೆಸೋರು?” ಒಳಗಿನಿಂದ ಹೆಂಡತಿಯ ದನಿ ಬಂತು. “ಅಧಿಕಾರಿಗಳನ್ನ ಧೂಳಲ್ಲಿ ಕೂರಿಸ್ತೀರಾ?”

ಹೀಗೆ ಮದುವೆಯ ದಿನ ಗಂಡ ಹೆಗಲ ಮೇಲೆ ಪ್ಲಾಸ್ಟಿಕ್ ಬಿಚ್ಚಿದ ಹೊಸ ಕುರ್ಚಿ ಹೊತ್ತು, ಹೆಂಡತಿ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಜೋಡಿಗಿಂತ ಮೊದಲೇ ಬೆಟ್ಟದ ಮೇಲಿದ್ದರು. ಒರೆಸಲು ಆ ಹೊಸ ಕುರ್ಚಿಯಲ್ಲಿ ಏನೂ ಇರಲಿಲ್ಲ, ಆದರೂ ಅವಳು ಒರೆಸುತ್ತಲೇ ಇದ್ದಳು. ಪುಟ್ಟಿ, ಹುಡುಗ ಬಂದರು. ಅವರ ಹಿಂದೆ ಏದುಸಿರು ಬಿಡುತ್ತಾ ಅಧಿಕಾರಿ ಮೇಡಂ. ಮೇಡಂ ಕೈ ಹಿಡಿದು ಹತ್ತಿಸುತ್ತಿದ್ದವರನ್ನು ಕಂಡು ಸಾಹುಕಾರರಿಗೆ ನಗು ತಡೆಯಲಾಗಲಿಲ್ಲ. ಹುಡುಗನ ತಾಯಿ! ಆಕೆ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸ್. ಮೇಡಂ ಮಂಡಿಯ ಸುದ್ದಿ ಆ ಮನೆಯನ್ನೂ ಮುಟ್ಟಿತ್ತು.

“ನಮಸ್ಕಾರ ಬೀಗರೇ...” ಎಂದು ಶುರುಮಾಡಿದರು ಸಾಹುಕಾರರು.

“ಬೀಗರು ಗೀಗರು ಇಲ್ಲಿ ಯಾರೂ ಇಲ್ಲ,” ಎಂದರು ಆಕೆ ಗಂಭೀರವಾಗಿ. “ನಾನು ಡ್ಯೂಟಿ ಮೇಲಿದ್ದೀನಿ. ನನ್ನ ತಂಗಿಯರು ಕೇಳಿದರೆ ನೀವು ನನ್ನನ್ನ ನೋಡಿಲ್ಲ.”

“ನೀವೂ ನನ್ನನ್ನ ನೋಡಿಲ್ಲ. ನೋಡಿದ್ದು ಕುರ್ಚಿನ ಮಾತ್ರ.”

ಮೇಡಂ ಕೂತರು. ಸಾಹುಕಾರರು ಮಾತಿಗೆ ತಪ್ಪದೆ ಬಂಡೆಯ ಪಕ್ಕಕ್ಕೆ ಸರಿದು ಒರಗಿ ನಿಂತರು. ಗೋಡೆ ಸಿಕ್ಕಿತಲ್ಲ ಎಂದುಕೊಂಡರು. ಇನ್ನು ಸಾಕ್ಷಿ ಬೇಕು. ಹುಡುಗ ಕಾಲುದಾರಿಯ ತಿರುವಿಗೆ ಹೋಗಿ ಕಾದ. ಕೆಲಸದ ದಿನ, ಬೆಟ್ಟಕ್ಕೆ ಬರುವ ಸೋಮಾರಿ ಒಬ್ಬನೂ ಕಾಣಲಿಲ್ಲ. ದೂರದಲ್ಲಿ ಒಂದು ಹಸು ಮಾತ್ರ ಆಸಕ್ತಿ ತೋರಿಸಿತು.

“ಹಸು ಸಹಿ ಹಾಕಲ್ಲಪ್ಪ,” ಎಂದರು ಮೇಡಂ. ಸುತ್ತ ನೋಡಿದರು. “ಇವರು ಮೂರು ಜನ ಇದ್ದಾರಲ್ಲ, ಕುರ್ಚಿಯವರು, ಒರೆಸೋರು, ನರ್ಸಮ್ಮ. ಸಾಕಲ್ವಾ? ಬನ್ನಿ. ಏನ್ರೀ, ಹುಡುಗಿಗೆ ನೀವೇನಾಗಬೇಕು?”

ಸಾಹುಕಾರರು ಪುಟ್ಟಿಯ ಕಡೆ ನೋಡಿದರು. ಮಗಳಿಗೆ ಕೊಟ್ಟ ಮಾತು. “ನಾನು... ಈ ಕುರ್ಚಿ...”

“ಇವರು ನಮ್ಮಪ್ಪ,” ಎಂದಳು ಪುಟ್ಟಿ. ಗಾಳಿಗೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಜೋರಾಗಿ ಅಂದಳು: “ನಮ್ಮಪ್ಪ, ಮೇಡಂ. ಅವರು ನಮ್ಮಮ್ಮ. ನರ್ಸು ನಮ್ಮತ್ತೆ.”

“ಓಡಿಹೋಗೋರು ಮನೆಯವರನ್ನೆಲ್ಲ ಕಟ್ಕೊಂಡು ಓಡೋದನ್ನ ಇವತ್ತೇ ನೋಡಿದ್ದು,” ಎಂದು ಮೇಡಂ ನಗುತ್ತಾ, ಮಂಡಿ ಹಿಡಿದು ಎದ್ದು ನಿಂತರು. ಮದುವೆಯ ಮಾತುಗಳನ್ನು ಅವರು ನಿಂತೇ ಹೇಳಿಸುವುದಂತೆ. ಇಬ್ಬರೂ ಹೇಳಿದರು. ಹುಡುಗ ಎರಡು ಸಲ ತಡವರಿಸಿದ. ನರ್ಸಮ್ಮ ಡ್ಯೂಟಿ ಮರೆತು ಬೀಗಿತ್ತಿಯ ಕೈಯಲ್ಲಿದ್ದ ಕುರ್ಚಿ ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡರು.

ಸಹಿ ಹಾಕುವ ಹೊತ್ತು ಬಂದಾಗ ಪುಟ್ಟಿ ಖಾಲಿ ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿದಳು. “ಕೂತ್ಕೊಂಡು ಹಾಕಪ್ಪ.”

“ಬಾಡಿಗೆ ಕುರ್ಚೀಲಿ ನಾನು ಕೂರಲ್ಲ ಅಂತ ನಿನಗೆ ಗೊತ್ತಲ್ಲ.”

“ಬಾಡಿಗೆಗೆ ತಗೊಂಡೋರು ಯಾರು ಇಲ್ಲಿ?”

ಸಾಹುಕಾರರು ಕುರ್ಚಿಯನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದರು. ಕೂತರು. ತೊಡೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದರು. ಒರಗುತ್ತಿದ್ದಂತೆ ಕುರ್ಚಿಯ ಅಡ್ಡಪಟ್ಟಿ ಬೆನ್ನುಮೂಳೆಗೆ ಸರಿಯಾಗಿ ಚುಚ್ಚಿತು.

ಅಯ್ಯೋ ದೇವರೇ ಎಂದುಕೊಂಡರು. ಹೊಸ ಕುರ್ಚಿಯೇ ಹೀಗಾದರೆ ಹಳೆಯವು? ಇಷ್ಟು ವರ್ಷ ಊರಿನ ಜನ ಈ ಪಟ್ಟಿಯನ್ನು ಬೆನ್ನಿಗೆ ಚುಚ್ಚಿಸಿಕೊಂಡು, ಗಂಟೆಗಟ್ಟಲೆ ಕೂತು, ಬೇರೆಯವರ ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಹರಸಿ, ತನಗೆ ಒಂದು ಮಾತೂ ಅನ್ನದೆ ಎದ್ದು ಹೋಗಿದ್ದರಲ್ಲ! ಹಲ್ಲಿನ ಸೆಟ್ಟಿನವರು ಕೂಡ. ಕಾದು ಕಾದು ತಾನು ಬೈದುಕೊಂಡಿದ್ದ ಆ ಕಡೆಯ ಅಜ್ಜಿಯರು ಕೂಡ. ಅಷ್ಟೂ ಜನರಿಗೆ ಮನಸ್ಸಿನಲ್ಲೇ ಕೈ ಮುಗಿದರು. ಮೇಡಂ ಮಂಡಿಗೆ ಮಾತ್ರ ವಿಶೇಷವಾಗಿ ಇನ್ನೊಮ್ಮೆ.

ಎದುರಿಗೆ ಮಗಳು ಅಳಿಯ ಕಡಲು ನೋಡುತ್ತಾ ನಿಂತಿದ್ದರು. ಊರಿನಲ್ಲಿ ಯಾರ ಮದುವೆಯೂ ಇಷ್ಟು ಹತ್ತಿರದಿಂದ ಸಾಹುಕಾರರಿಗೆ ಕಂಡಿರಲಿಲ್ಲ.

“ಏಳ್ರೀ ಸಾಕು,” ಎಂದಳು ಹೆಂಡತಿ. “ನನಗೂ ಕಾಲು ನೋಯ್ತಿದೆ.”

“ಕೂತವರನ್ನ ಏಳಿ ಅನ್ನಬಾರದು ಕಣೇ. ನಮ್ಮಪ್ಪ ಹೇಳಿದ್ದು,” ಎಂದರು ಸಾಹುಕಾರರು, ಏಳದೆಯೇ. ಆಮೇಲೆ ಒಂದು ಪಕ್ಕಕ್ಕೆ ಸರಿದು ಅರ್ಧ ಜಾಗ ಬಿಟ್ಟರು. ಅವಳು ಕೂತಳು. ಕುರ್ಚಿ ಕಿರ್ರೆಂದಿತು, ಆದರೆ ಕುಂಟಲಿಲ್ಲ.