ಮಾವ ಬಡಿದು ನೋಡಿದ ಮೂರು ಗಿಟಾರು

ನನ್ನ ಸೋದರಮಾವ ಯಾರನ್ನಾದರೂ ಹೊಗಳಿದರೆ ನಮ್ಮ ಮನೆಯಲ್ಲಿ ಹೆದರಿಕೆ ಹುಟ್ಟುತ್ತಿತ್ತು. ಬಂಟ್ವಾಳ ಪೇಟೆಯಲ್ಲಿ ಅವರದೊಂದು ಚಹಾ ತಿಂಡಿಯ ಹೋಟೆಲು. ಹರೆಯದಲ್ಲಿ ತಾಳಮದ್ದಳೆಯ ಕೂಟಗಳಲ್ಲಿ ಮದ್ದಳೆ ಬಾರಿಸಿದವರು. ತಾಳ ತಪ್ಪಿದವನನ್ನು ಅವರು ಬಿಟ್ಟದ್ದೇ ಇಲ್ಲ. ಮದುವೆಮನೆಯಲ್ಲಿ ಶೋಭಾನೆ ಹಾಡುವ ಹೆಂಗಸರಿಗೂ ರಿಯಾಯಿತಿ ಇರಲಿಲ್ಲ. ಊಟದ ಎಲೆಯ ಮುಂದೆ ಕೂತಲ್ಲಿಂದಲೇ "ಎರಡನೇ ಸಾಲು ಓಡಿತು" ಎಂದು ಹೇಳಿ, ದಾರಿಯುದ್ದಕ್ಕೂ ಮಾಮಿಯಿಂದ ಬೈಸಿಕೊಳ್ಳುತ್ತಿದ್ದರು. ಅಂಥ ಮನುಷ್ಯ ಅರುವತ್ತರ ದಶಕದ ಸುರುವಿಗೆ ಎಲ್ಲರಿಗೂ "ಲಾಯ್ಕ್ ಆಯ್ತು" ಎನ್ನತೊಡಗಿದರು. ಭಜನೆಯಲ್ಲಿ ಒಬ್ಬೊಬ್ಬ ಒಂದೊಂದು ದಿಕ್ಕಿಗೆ ಹೋದರೂ ಲಾಯ್ಕ್. ಮಕ್ಕಳು ತಟ್ಟೆ ಬಡಿದರೂ ಲಾಯ್ಕ್. ಊರವರು ಮಾವನಿಗೆ ವಯಸ್ಸಾಯಿತು, ಮೆತ್ತಗಾದರು ಎಂದರು. ನಮಗೆ ಗೊತ್ತಿತ್ತು, ಮಾವನ ಕಿವಿ ಹೋಗುತ್ತಾ ಇತ್ತು.

ಅದನ್ನು ಅವರು ಒಪ್ಪಬೇಕಲ್ಲ. ತಿಂದವರು ಎದ್ದು ಗಲ್ಲಾದ ಕಡೆ ಬರುವಾಗ, ಅವರು ತಿಂದದ್ದನ್ನು ಸಪ್ಲಾಯರು ಒಳಗಿನಿಂದ ಕೂಗಿ ಹೇಳುವುದು ನಮ್ಮ ಕಡೆಯ ಹೋಟೆಲುಗಳ ಕ್ರಮ. ಮಾವ ಒಂದು ದಿನ ಆ ಕ್ರಮವನ್ನೇ ರದ್ದು ಮಾಡಿದರು. "ಇದೇನು ಮೀನಿನ ಮಾರ್ಕೆಟಾ? ಹತ್ತಿರ ಬಂದು ಬೆರಳು ತೋರಿಸಿ" ಎಂದು ಅಪ್ಪಣೆ ಕೊಟ್ಟರು. ಬೊಬ್ಬೆಯಿಲ್ಲದ ಹೋಟೆಲು ಎಂದು ನಮಗೆ ಒಳ್ಳೆಯ ಹೆಸರೇ ಬಂತು. ತಾಲೂಕು ಕಚೇರಿಯ ಗುಮಾಸ್ತರು, ವಕೀಲರು ಶಾಂತವಾಗಿ ಗೋಳಿಬಜೆ ತಿನ್ನಲೆಂದು ನಮ್ಮಲ್ಲಿಗೇ ಬರತೊಡಗಿದರು. ತಾಳಮದ್ದಳೆಗೆ ಕರೆದರೆ ಮಾವ "ಈಗಿನವರಿಗೆ ಕಂಠವೇ ಇಲ್ಲ, ಬಾಯೊಳಗೇ ಹಾಡ್ತಾರೆ" ಎಂದು ತಪ್ಪಿಸಿಕೊಳ್ಳುತ್ತಿದ್ದರು. ಮದ್ದಳೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿಸಿದ್ದೂ ಆ ವರ್ಷವೇ.

ನಾನಾಗ ಪೇಟೆಯ ಶಾಲೆಯಲ್ಲಿ ಹೊಸ ಮಾಸ್ತರ. ಮಂಗಳೂರಿನಲ್ಲಿ ತರಬೇತಿಗಿದ್ದಾಗ ಗಿಟಾರು ಕಲಿತಿದ್ದೆ. ಆ ಕಾಲದಲ್ಲಿ ನಮ್ಮಲ್ಲಿ ಗಿಟಾರು ಅಂದರೆ ಈಗಿನವರ ಹಾಗೆ ಕುತ್ತಿಗೆಗೆ ನೇತುಹಾಕಿಕೊಂಡು ಕುಣಿಯುವುದಲ್ಲ. ಅದನ್ನು ತೊಡೆಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಅಂಗಾತ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುತ್ತಾ ನುಡಿಸಬೇಕು. ಸ್ವರ ಎಳೆಎಳೆಯಾಗಿ ಬರುತ್ತದೆ. ನನ್ನದು ಹಳೆಯ ಮರದ ಗಿಟಾರು, ಕರೆಂಟಿಲ್ಲದ್ದು. ಒಂದು ಸಂಜೆ ಜಗಲಿಯಲ್ಲಿ ಅದನ್ನು ನುಡಿಸುತ್ತಿದ್ದಾಗ ಮಾವ ಎದುರಿಗೆ ಬಂದು ಕೂತರು. ನಾನು ಮೈಯೆಲ್ಲ ಕೈಯಾಗಿ ಒಂದು ಪದ ಮುಗಿಸಿದೆ. ಮಾವ ಕಾಯುತ್ತಲೇ ಇದ್ದರು. "ಒರಸಿದ್ದು ಸಾಕು, ಇನ್ನು ಬಾರಿಸು" ಎಂದರು.

ಅವತ್ತು ರಾತ್ರಿ ಊಟ ಬಡಿಸುವಾಗ ಮಾಮಿ ನನ್ನನ್ನು ಹಿಡಿದುಕೊಂಡರು. "ಕರೆಂಟಿನ ಗಿಟಾರು ಉಂಟಂತಲ್ಲ, ಪೆಟ್ಟಿಗೆಯಲ್ಲಿ ಜೋರು ಕೇಳ್ತದಂತೆ. ಅದನ್ನು ತರುವ. ನಿನ್ನ ಮಾವ ಯಾರಿಗಾದರೂ ಒಮ್ಮೆ ಬೈಬೇಕು ಮಾರಾಯ. ಈ ಲಾಯ್ಕ್ ಲಾಯ್ಕ್ ಕೇಳಿ ನನಗೆ ಸಾಕಾಗಿದೆ" ಎಂದರು. ನಗುತ್ತಾ ಹೇಳಿದ್ದು. ಆದರೆ ಸಾರಿನ ಸೌಟು ಎಲೆಯ ಮೇಲೆ ಹಾಗೆಯೇ ನಿಂತಿತ್ತು.

ನಮ್ಮದು ಅಳಿಯಸಂತಾನದ ಕುಟುಂಬ. ಮನೆಗೆ ಒಂದು ಚಾಪೆ ತರಬೇಕಾದರೂ ಮಾವ ಹೂಂ ಅನ್ನಬೇಕು. ಅಳಿಯನಿಗೆ ಗಿಟಾರು ಬೇಕಂತೆ ಎಂದು ಮಾಮಿ ಅವರ ಕಿವಿಯ ಬಳಿ ಕೂಗಿ ಹೇಳಿದರು. ಮಾವ ಹೂಂ ಅಂದರು. ಆದರೆ "ನಾನು ನೋಡಿ ತೆಗೀತೇನೆ" ಎಂದೂ ಸೇರಿಸಿದರು. ಕಿವಿ ಕೇಳದವರು ಗಿಟಾರನ್ನು ಏನು ನೋಡಿ ತೆಗೆಯುವುದು?

ವಿಷಯ ಪೇಟೆಗೆ ಗೊತ್ತಾಗಲು ಎಷ್ಟು ಹೊತ್ತು? ಆ ವಾರ ನಮ್ಮ ಹೋಟೆಲಿನ ಬೆಂಚುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಗಿಟಾರು ಕಣ್ಣಲ್ಲಿ ಕಾಣದವರೂ ಅದು ಯಾವ ದೇಶದ್ದಾಗಬೇಕೆಂದು ನಿಖರವಾಗಿ ಬಲ್ಲವರಾಗಿದ್ದರು. ಜಪಾನಿನ ಸಾಮಾನು ಅಂದರೆ ಕಾಗದ, ಒಂದು ಮಳೆಗಾಲ ಕಾಣುವುದಿಲ್ಲ ಎಂದ ಒಬ್ಬ. ಅವನ ಮಗುವಿನ ಜಪಾನಿ ರೈಲು ಹಳಿ ತಪ್ಪಿತ್ತಂತೆ. ಜರ್ಮನಿಯದ್ದಾದರೆ ಮೊಮ್ಮಕ್ಕಳ ಕಾಲಕ್ಕೂ ಹೆದರಿಕೆಯಿಲ್ಲ ಎಂದರು ವಕೀಲರು. ಟಪ್ಪಾಲಿನವನು ಚಹಾ ಊದುತ್ತಾ "ಯಾವ ಜರ್ಮನಿ? ಈಗ ಎರಡುಂಟಲ್ಲ" ಎಂದು ಕೇಳಿ ವಕೀಲರ ಬಾಯಿ ಮುಚ್ಚಿಸಿದ. ಖಾದಿಯವರು ಸ್ವದೇಶಿ ಇರುವಾಗ ಬೇರೆ ಯಾಕೆ ಎಂದರು. ಮಾವ ಗಲ್ಲಾದಲ್ಲಿ ಕೂತು ಎಲ್ಲರಿಗೂ ಸಮನಾಗಿ ತಲೆಯಾಡಿಸುತ್ತಿದ್ದರು.

ಜಪಾನಿನದ್ದು ನಮ್ಮ ಎದುರಿನ ಅಂಗಡಿಯಲ್ಲೇ ಸಿಕ್ಕಿತು. ಅಂಗಡಿಯ ಬ್ಯಾರಿ ಸಾಹೇಬರು ಮಾವನ ಹಳೆಯ ದೋಸ್ತಿ. ಅವರ ತಮ್ಮ ಹಡಗಿನಲ್ಲಿದ್ದವನು ತಂದದ್ದು. ಸಾಹೇಬರು ಸೀರೆ ಬಿಡಿಸಿದ ಹಾಗೆ ಬಟ್ಟೆ ಬಿಡಿಸಿ ತೋರಿಸಿದರು. ಕೆಂಪೆಂದರೆ ಕೆಂಪು, ಕುಂಕುಮದ ಭರಣಿಯ ಕೆಂಪು. ಮೈ ತೆಳ್ಳಗೆ, ಒಳಗೆ ಪೊಳ್ಳಿಲ್ಲ, ಇಡೀ ಒಂದೇ ಹಲಗೆ. ತಂತಿಯ ಕೆಳಗೆ ಬೆಳ್ಳಗೆ ಹೊಳೆಯುವ, ತಿರುಗಿಸುವ ಗುಬ್ಬಿಗಳು. ನನಗೆ ನೋಡಿದ ಕೂಡಲೇ ಮನಸ್ಸು ಹೋಯಿತು. ಇಂಥದರಲ್ಲಿ ಸ್ವರ ಎಷ್ಟು ಏರಿಸಿದರೂ ಶುದ್ಧವಾಗಿ ಬರುತ್ತದೆಂದು ಮಂಗಳೂರಿನ ನನ್ನ ಗುರುಗಳು ಹೇಳಿದ್ದರು. ಅದನ್ನು ಮಾವನಿಗೆ ಕೂಗಿ ಹೇಳಿದೆ.

ಮಾವ ಗಿಟಾರನ್ನು ಬಗಲಿಗೆ ಒತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಅದರ ಬೆನ್ನಿಗೆ ಎರಡು ಸಲ ಬಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ಹಲಸಿನಕಾಯಿ ಬಲಿತಿದೆಯೇ ಎಂದು ಬಡಿದು ಹೇಳುವುದರಲ್ಲಿ ಮಾವನಿಗೆ ಪೇಟೆಯಲ್ಲೇ ಸಮನಿರಲಿಲ್ಲ. ಗಟ್ಟಿಯಾಗಿ ಟಕ್ಕೆಂದರೆ ಎಳತು, ಡಬ್ಬೆಂದರೆ ಬಲಿತದ್ದು, ಎಲ್ಲರಿಗೂ ಗೊತ್ತಿರುವುದು ಅಷ್ಟೇ. ಮಾವ ಅದಕ್ಕಿಂತ ಮುಂದೆ ಹೋಗಿ ನಾಳೆ ಹಣ್ಣಾಗುವುದೋ ನಾಡಿದ್ದೋ ಎಂದೂ ಹೇಳುತ್ತಿದ್ದರು. ಹೊಳೆಯ ಆಚೆಯಿಂದೆಲ್ಲ ಜನ ಕಾಯಿ ಹೊತ್ತು ಅವರ ಗಲ್ಲಾದ ಮುಂದೆ ಇಳಿಸುತ್ತಿದ್ದರು.

"ಎಳತು" ಎಂದರು ಮಾವ, ಗಿಟಾರನ್ನು ವಾಪಸು ಕೊಡುತ್ತಾ.

ಸಾಹೇಬರು ನನ್ನ ಮುಖ ನೋಡಿದರು. ನಾನು ಸಾಹೇಬರ ಮುಖ ನೋಡಿದೆ. "ಯಜಮಾನ್ರೇ, ಇದು ಹಣ್ಣಾಗುವ ಸಾಮಾನಲ್ಲ, ಕರೆಂಟಿನದ್ದು" ಎಂದರು ಸಾಹೇಬರು. ಮಾವ ಆಗಲೇ ಮೆಟ್ಟಲು ಇಳಿದಾಗಿತ್ತು.

ಸ್ವದೇಶಿ ಗಿಟಾರು ನೋಡಲು ಬಸ್ಸು ಹತ್ತಿ ಬೆಳ್ತಂಗಡಿಗೆ ಹೋದೆವು. ಅದು ಇದ್ದದ್ದು ಒಂದು ಫೋಟೋ ಸ್ಟುಡಿಯೋದಲ್ಲಿ. ಕಲ್ಕತ್ತಾದಲ್ಲಿ ತಯಾರಾದದ್ದು. ಕಕ್ಕಿಂಜೆಯಿಂದ ಈಚೆ ಮದುವೆಯಾದ ಗಂಡುಗಳೆಲ್ಲ ಅದನ್ನು ಹಿಡಿದುಕೊಂಡೇ ಫೋಟೋ ತೆಗೆಸಿಕೊಂಡದ್ದಂತೆ. ಗೋಡೆಯ ತುಂಬ ಅವರೇ. ಪಕ್ಕದಲ್ಲಿ ಹೆದರಿದ ಹೆಂಡತಿ, ಕೈಯಲ್ಲಿ ತಲೆಕೆಳಗಾದ ಗಿಟಾರು. ಸ್ಟುಡಿಯೋದವನು ಅದನ್ನು ಪೆಟ್ಟಿಗೆಗೆ ಸಿಕ್ಕಿಸಿ ಒಂದು ತಂತಿ ಮೀಟಿದ. ಜಿರಲೆಯೊಂದು ಹೊರಗೆ ಬಂತು, ಸ್ವರ ಬರಲಿಲ್ಲ. ಮಾವ ಅದರ ಬೆನ್ನಿಗೂ ಬಡಿದರು. ಮುಖದಲ್ಲಿ ಬೇಸರವಿತ್ತು, ಅವರಿಗೂ ಸ್ವದೇಶಿಯ ಆಸೆ ಇದ್ದದ್ದೇ. "ಹಣ್ಣಾಗಿ ಕಳೆದು ಹೋಗಿದೆ. ಒಳಗೆ ಸೊಳೆ ಕೊಳೆತಿದೆ" ಎಂದರು. ಈ ತೀರ್ಪಿನ ಬಗ್ಗೆ ನನ್ನದೇನೂ ತಕರಾರಿರಲಿಲ್ಲ.

ಮೂರನೆಯದು ಮೂಡಬಿದಿರೆಯಲ್ಲಿ. ಬೊಂಬಾಯಿಯ ಹೋಟೆಲುಗಳ ಬ್ಯಾಂಡಿನಲ್ಲಿದ್ದು ಊರಿಗೆ ಮರಳಿದ ಕೊಂಕಣಿ ಮುದುಕರೊಬ್ಬರ ಮನೆ. ಅವರ ಗಿಟಾರು ಜರ್ಮನಿಯದ್ದು. ಯಾವ ಜರ್ಮನಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಂದು ಬಣ್ಣ, ಬಸುರಿಯ ಹಾಗೆ ಉಬ್ಬಿದ ಹೊಟ್ಟೆ, ಒಳಗೆಲ್ಲ ಪೊಳ್ಳು. "ನೋಡಿ, ಪೆಟ್ಟಿಗೆಯನ್ನು ತುಂಬ ಜೋರು ಇಡಬಾರದು. ಇಟ್ಟರೆ ಇದು ತನ್ನಷ್ಟಕ್ಕೇ ಕೂಗ್ತದೆ" ಎಂದು ಮುದುಕರು ನನ್ನನ್ನು ಬದಿಗೆ ಕರೆದು ಎಚ್ಚರಿಸಿದರು. ನಮಗೆ ಬೇಕಾದದ್ದೇ ಜೋರು. ಇದಲ್ಲ, ಇದು ಬೇಡವೇ ಬೇಡ ಎಂದು ನಾನು ತೀರ್ಮಾನಿಸಿದೆ.

ತಿರುಗಿ ನೋಡಿದರೆ ಮಾವ ಬಡಿದಾಗಿತ್ತು. ಈ ಸಲ ಕೈ ತೆಗೆದಿರಲಿಲ್ಲ. ಗೆಣ್ಣನ್ನು ಮರಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮತ್ತೊಮ್ಮೆ ಬಡಿದರು. ಮತ್ತೆ ಹಾಗೆಯೇ ನಿಂತರು.

"ಇದು" ಎಂದರು.

ನಾನು ಕೂಗಿ ಹೇಳಿದೆ, ಕೈಸನ್ನೆ ಮಾಡಿದೆ, ಕೆಂಪು ಜಪಾನಿನದ್ದನ್ನು ನೆನಪಿಸಿದೆ. ಕಲ್ಲಿಗೆ ಹೇಳಿದ ಹಾಗಾಯಿತು. ಸಿದ್ಧಕಟ್ಟೆಯ ದಾರಿಯಾಗಿ ಬರುವ ಬಸ್ಸಿನಲ್ಲಿ ಜರ್ಮನಿಯ ಗಿಟಾರು ಮಾವನ ತೊಡೆಯ ಮೇಲೆ ಕೂತು ಬಂತು, ಪೆಟ್ಟಿಗೆ ನನ್ನ ತೊಡೆಯ ಮೇಲೆ. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ಮನೆ ಮುಟ್ಟುವವರೆಗೆ ನಾನು ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ. ಹೊಂಡಕ್ಕೊಮ್ಮೆ ಬಸ್ಸು ಎತ್ತಿ ಹಾಕಿದಾಗಲೂ ಮಾವ ಗಿಟಾರಿನ ಹೊಟ್ಟೆಯಿಂದ ಕೈ ತೆಗೆಯಲಿಲ್ಲ.

ಮಾರನೆಯ ಸಂಜೆ ಹೋಟೆಲಿನ ರೇಡಿಯೋದ ಜಾಗದಲ್ಲಿ ಪೆಟ್ಟಿಗೆ ಇಟ್ಟು ವಯರು ಸಿಕ್ಕಿಸಿದೆವು. ಮಾಮಿ ಮಿಂದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮಾವನಿಗೆ ಬಹಳ ಇಷ್ಟವಾದ ಒಂದು ಪದವನ್ನು, ಅವರು ಒಂದು ಕಾಲದಲ್ಲಿ ಎಷ್ಟೋ ಸಲ ಮದ್ದಳೆ ಬಾರಿಸಿದ ಪದವನ್ನು ನಾನು ಶುರುಮಾಡಿದೆ. ಮಾವ ಎದುರಿನ ಬೆಂಚಿನಲ್ಲಿ ಕೂತು "ಹೂಂ, ಶುರುಮಾಡು" ಎಂದರು. ನಾನು ಸ್ವರ ಏರಿಸುವ ಗುಬ್ಬಿ ತಿರುಗಿಸಿದೆ. ಅವರು ನಗುಮುಖದಿಂದ ಕಾಯುತ್ತಲೇ ಇದ್ದರು. ಇನ್ನಷ್ಟು ತಿರುಗಿಸಿದೆ. ಮತ್ತೂ ತಿರುಗಿಸಿದೆ.

ಆಗ ಅದು ಕೂಗಿತು. ಆ ಹೊತ್ತಿಗೆ ನನ್ನ ಕೈ ತಂತಿಯ ಮೇಲಿರಲಿಲ್ಲ, ದೇವರಾಣೆಗೂ. ಗಿಟಾರು ತನ್ನಷ್ಟಕ್ಕೇ ಊಳಿಡಲು ಸುರುಮಾಡಿತು, ಏರುತ್ತಾ ಏರುತ್ತಾ. ಗಾಜಿನ ಲೋಟಗಳು ಒಂದಕ್ಕೊಂದು ತಾಗಿದವು. ಬೆಕ್ಕು ಹಂಚಿನ ಮಾಡು ಹತ್ತಿತು. ಗೋಳಿಬಜೆ ಕಾಯಿಸುವವನು ಜಾಲರಿ ಬಿಟ್ಟು ಹೊರಗೆ ಓಡಿದ. ಎದುರಿನಿಂದ ಸಾಹೇಬರು ಬರಿಗಾಲಿನಲ್ಲಿ ಓಡಿ ಬಂದರು. ನಾವೆಲ್ಲ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದೆವು.

ಮಾವ ಮೆಲ್ಲನೆ ಬೀದಿಯ ಕಡೆ ತಿರುಗಿದರು. "ಹೊಳೆಯ ಆಚೆ ಯಾರೋ ಕೂ ಹಾಕಿದ ಹಾಗಾಯ್ತಲ್ಲ?" ಎಂದರು.

ಮತ್ತೆ ನಮ್ಮ ಕಡೆ ನೋಡಿದರು. ಒಬ್ಬೊಬ್ಬರನ್ನೇ ನೋಡಿದರು. "ನೀವೆಲ್ಲ ಯಾಕೆ ಕಿವಿ ಮುಚ್ಚಿದ್ದು?"

ನಾನು ವಯರು ಎಳೆದುಹಾಕಿದೆ. ಸಾಹೇಬರು ನೆಲ ನೋಡಿದರು. ಮಾಮಿ ಕಿವಿಯಿಂದ ಕೈ ತೆಗೆದು ಸೆರಗಿನಲ್ಲಿ ಅಡಗಿಸಿಕೊಂಡರು. ಅಷ್ಟು ವರ್ಷ ನಾವು ಹೇಳಲಾರದೆ, ಅವರು ಕೇಳಲಾರದೆ ಉಳಿದದ್ದು ಆ ಹೊತ್ತಿಗೆ ಎಲ್ಲರೆದುರು ಬಯಲಾಯಿತು. ನನಗೆ ಅಳು ಬಂತು. ಮಾವನ ಮುಖ ನೋಡಲಿಕ್ಕಾಗಲಿಲ್ಲ.

ಮಾವ ಬೆಂಚಿನ ಅಂಚನ್ನೊಮ್ಮೆ ಸವರಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ಗಿಟಾರಿನ ಹೊಟ್ಟೆಯ ಭಾಗವನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕುತ್ತಿಗೆ ನನ್ನ ತೊಡೆಯ ಮೇಲೆಯೇ ಇತ್ತು. "ಕರೆಂಟು ಬೇಡ. ಹೀಗೇ ಬಾರಿಸು" ಎಂದರು.

"ಕೇಳುವುದಿಲ್ಲ ಮಾವ" ಎಂದೆ. ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು, ಅದೂ ಸಣ್ಣ ಸ್ವರದಲ್ಲಿ.

ಅವರು ನನ್ನ ತುಟಿ ನೋಡಿ ಅರ್ಥಮಾಡಿಕೊಂಡರು. "ನನಗೆ ಹಲಸಿನಕಾಯಿಯೂ ಕೇಳದೆ ಎಷ್ಟು ಕಾಲವಾಯ್ತು! ಗೆಣ್ಣಿಗೆ ಗೊತ್ತಾಗ್ತದೆ. ಆ ಕೆಂಪಿನದ್ದು ನನಗೆ ಏನೂ ಹೇಳಲಿಲ್ಲ, ಬರೀ ಹಲಗೆ. ಇದು ಹೇಳ್ತದೆ. ನೀನು ಬಾರಿಸು ಮಾರಾಯ" ಎಂದು ಅಂಗೈಯನ್ನು ಮರದ ಮೇಲೆ ಹರವಿದರು.

ನಾನು ಬಾರಿಸಿದೆ. ಕಣ್ಣು ಮಂಜಾಗಿತ್ತು, ಸರಳು ಎಲ್ಲಿಗೆ ಜಾರುತ್ತಿದೆಯೆಂದು ನನಗೇ ತಿಳಿಯುತ್ತಿರಲಿಲ್ಲ. ಮೊದಲನೇ ಸಾಲು ಹೇಗೋ ದಾಟಿತು. ಮಾವನ ಇನ್ನೊಂದು ಕೈಯ ಬೆರಳುಗಳು ಬೆಂಚಿನ ಮೇಲೆ ಏಳುವುದು ಕಂಡಿತು, ಮದ್ದಳೆಯ ಬಲಮಗ್ಗುಲಿಗೆ ಏಳುವ ಹಾಗೆ. ಎರಡನೇ ಸಾಲಿನ ನಡುವಿಗೆ ಅವು ಗಕ್ಕನೆ ನಿಂತವು.

ಮಾವ ನನ್ನ ತಲೆಗೊಂದು ಮೊಟಕಿದರು.

"ಎಂಥ ಮಾಸ್ತರನೋ ನೀನು? ಎರಡನೇ ಸಾಲು ಓಡಿತು. ಮೊದಲಿನಿಂದ ಹೋಗು."

ಅಡುಗೆಮನೆಯ ಬಾಗಿಲಲ್ಲಿ ಮಾಮಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ಕಣ್ಣಲ್ಲಿ ನೀರು. ನಾನು ತಲೆ ಉಜ್ಜಿಕೊಂಡು ಮೊದಲಿನಿಂದ ಹೋದೆ.