ಕರೆಂಟಿಲ್ಲದ ಕಂಪ್ಯೂಟರ್ ಕ್ಲಾಸು

ಮೊನ್ನೆ ಡಿಕಾಕ್ಷನ್ ಒಲೆಯ ಮೇಲೆ ಉಕ್ಕಿ ಸೀದ ವಾಸನೆ ಬಂತು. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ಎದ್ದು ಹೋಗಿ ಸ್ಟವ್ ಆರಿಸಿದವಳು ಅಲ್ಲೇ ನಿಂತುಬಿಟ್ಟೆ. ಮದ್ದೂರಿನ ನಮ್ಮ ಕಂಪ್ಯೂಟರ್ ಮೇಷ್ಟ್ರು ಕುಡಿಯುತ್ತಿದ್ದುದು ಇಂಥದ್ದೇ ಕಾಫಿ... ಚಿಕೋರಿ ಜಾಸ್ತಿ, ಸಕ್ಕರೆ ಬದಲು ಬೆಲ್ಲ.

ಮಂಡ್ಯದ ಮನೆಯಲ್ಲೇ ಕೂತು ಕಂಪನಿಗೆ ಕೋಡ್ ಬರೆಯುತ್ತೇನೆ. ಬರೆಯುತ್ತೇನೆ ಅನ್ನುವುದು ಹೆಚ್ಚಾಯಿತು. ಈಗ ಎಐ ಬರೆಯುತ್ತದೆ, ನಾನು ಕಣ್ಣುರಿಸಿಕೊಂಡು ಓದುತ್ತೇನೆ. ದಿನಕ್ಕೊಂದು ಹೊಸ ಟೂಲು, ನಿನ್ನೆ ಕಲಿತದ್ದು ಇವತ್ತು ಹಳತು. ಥೂ, ಸಾಕಾಗಿಹೋಗಿದೆ. ನನ್ನ ಮಟ್ಟಿಗೆ ಒಳ್ಳೆಯ ಟೂಲು ಅಂದರೆ ನನ್ನನ್ನು ಮಾತಾಡಿಸದೆ ಕೆಲಸ ಮಾಡುವಂಥದ್ದು. ಒಳ್ಳೆಯ ಕಾಫಿ ಅಂದರೆ ಬೇರೆ ಯಾರಾದರೂ ಮಾಡಿಕೊಟ್ಟದ್ದು.

ಓದುವಾಗ ಬೆಸಗರಹಳ್ಳಿಯಿಂದ ಬಸ್ಸು ಹಿಡಿದು ಮೇಷ್ಟ್ರ ಕ್ಲಾಸಿಗೆ ಹೋಗುತ್ತಿದ್ದೆ. ನಾವು ಕೂರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಬ್ಯಾಗು ಎತ್ತಿಕೊಂಡರೆ ಮೇಷ್ಟ್ರು, "ಕರೆಂಟ್ ಓಯ್ತು ಅಂತ ತಲೆನೂ ಓಯ್ತೇನ್ರವ್ವಾ? ನಿಂತ್ಕಳಿ" ಅನ್ನುತ್ತಿದ್ದರು. ಆಮೇಲೆ ನಾವೇ ಕಂಪ್ಯೂಟರ್. ಸಾಲಾಗಿ ನಿಂತವರ ಅಂಗೈಗೆ ಬೆಲ್ಲದ ಚೂರು ಕೊಡುತ್ತಿದ್ದರು. ಅವರು ಪ್ರೋಗ್ರಾಮಿನ ಒಂದೊಂದು ಸಾಲು ಓದಿದಂತೆ ಚೂರುಗಳು ಕೈಯಿಂದ ಕೈಗೆ ದಾಟಬೇಕು. ಕೊನೆಯವಳ ಕೈಗೆ ಎಷ್ಟು ಬಂತೋ ಅದೇ ಉತ್ತರ.

ಒಮ್ಮೆ ಉತ್ತರ ತಪ್ಪು ಬಂತು. ಮೇಷ್ಟ್ರು ಬೈಯಲಿಲ್ಲ. ಕೊನೆಯವಳಿಂದ ಶುರುಮಾಡಿ, ಯಾರ ಕೈಗೆ ಎಷ್ಟು ಬಂತು ಎಂದು ಕೇಳುತ್ತಾ ಹಿಂದೆ ಹಿಂದೆ ಬಂದು ವೈದ್ಯನಾಥಪುರದ ಹುಡುಗಿಯ ಮುಂದೆ ನಿಂತರು. ಅವಳ ಕೆನ್ನೆ ಉಬ್ಬಿತ್ತು.

"ಲೆಕ್ಕನೇ ತಿಂದ್ಬುಟ್ಟಲ್ಲವ್ವಾ!" ಎಂದು ಅವರೇ ಬಿದ್ದು ಬಿದ್ದು ನಕ್ಕರು. ಕೋಡಿನಲ್ಲಿ ತಪ್ಪು ಹುಡುಕುವುದನ್ನು ನಾನು ಕಲಿತದ್ದು ಅಂದೇ.

ಹೋದ ವರ್ಷ ಮೇಷ್ಟ್ರು ಫೋನ್ ಮಾಡಿದ್ದರು. "ಅದೇನೋ ತಾನೇ ಬರೀತದಂತಲ್ಲ, ತಂದು ತೋರ್ಸವ್ವ." ಹೋಗಿ ತೋರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬರೆದುಮುಗಿಸಿದ್ದನ್ನು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು. ಲೋಟದ ಕಾಫಿ ಆರಿಹೋಯಿತು.

"ಚೆಂದಾಗೇ ಬರೀತದೆ. ಈ ವರ್ಸ ಮಕ್ಳುನ್ನ ಸೇರಿಸ್ಕಳ್ಳಾ, ಬಾಗ್ಲಾಕ್ಬುಡ್ಲಾ? ನೀನೇ ಯೋಳು."

"ಸೇರಿಸ್ಕೊಳ್ಳಿ ಸಾರ್. ಅದು ತಪ್ಪು ಬರೆದಾಗ ಹುಡುಕೋಕೆ ಜನ ಬೇಕಲ್ಲ" ಅಂದೆ. ಮನಸ್ಸಿನಿಂದಲೇ ಅಂದದ್ದು. ಅವರ ಮುಖ ಅರಳಿತು.

ಹೊಸ ಬೋರ್ಡ್ ಬರೆಸಿದರಂತೆ. ದಿನಾ ಬೆಳಿಗ್ಗೆ ಕಂಪ್ಯೂಟರುಗಳ ಧೂಳು ಒರೆಸಿ, ಬಾಗಿಲು ತೆಗೆದು ಕೂರುತ್ತಿದ್ದರಂತೆ. ಯಾರೂ ಬರಲಿಲ್ಲ... ಆಷಾಢದಲ್ಲಿ ಹೋಗಿಬಿಟ್ಟರು. ಎಷ್ಟು ಒಳ್ಳೆಯ ಮನುಷ್ಯ.

ಮೊನ್ನೆ ಅದೇ ಮೀಟಿಂಗಿನಲ್ಲಿ ಎಐ ಬರೆದ ಕೋಡು ಕೈಕೊಟ್ಟಿತ್ತು. ತಪ್ಪೆಲ್ಲಿದೆ ಎಂದು ಎಲ್ಲರೂ ಆ ಎಐಯನ್ನೇ ತಿರುತಿರುಗಿ ಕೇಳುತ್ತಿದ್ದರು. ನಾನು ಕೊನೆಯಿಂದ ಹಿಂದಕ್ಕೆ ನೋಡುತ್ತಾ ಬಂದೆ, ತಪ್ಪು ಸಿಕ್ಕಿತು. ಹೊಸದಾಗಿ ಸೇರಿದ ಮಳವಳ್ಳಿಯ ಹುಡುಗಿ ಆಮೇಲೆ ಫೋನ್ ಮಾಡಿದಳು.

"ಎಲ್ ಕಲಿತ್ರಿ ಅಕ್ಕ ಇದ್ನ?"

ಹೇಳಿದೆ.

"ಆ ಕ್ಲಾಸು ಇನ್ನೂ ನಡೀತದಾ? ನಮ್ ತಂಗಿನ ಸೇರಿಸ್ಬೇಕಾಗಿತ್ತು."

"ಇಲ್ಲ ಕಣವ್ವಾ, ಮೇಷ್ಟ್ರೇ ಇಲ್ಲ" ಅಂದೆ. ಅವರಿಗೆ ಒಬ್ಬಳು ಬಂದಿದ್ದರೂ ಸಾಕಿತ್ತು.