ಮಚ್ಚಿನ ಮೇಲಿನ ಕೆರೆದಂಡೆ

ದೊಡ್ಡತಾಯಮ್ಮನಿಗೆ ಓದು ಬಾರದು, ಹಾಡು ಬಾರದು, ರಂಗೋಲಿಯೂ ಅಷ್ಟಕ್ಕಷ್ಟೇ. ಆದರೆ ಕಟ್ಟಾಯ ಎಂಬ ಊರಿನಲ್ಲಿ ಅವಳ ಗಂಡ ಗಂಗಾಚಾರಿ ಬಡಿದ ಮಚ್ಚುಗಳಿಗೆ ಗೆರೆ ಬರೆಯುತ್ತಿದ್ದವಳು ಅವಳೇ.

ಈ ಗೆರೆ ಕೆತ್ತಿದ್ದಲ್ಲ. ಬಡಿದು ಮುಗಿದ ಮಚ್ಚಿನ ಬೆನ್ನಿಗೆ ಹುತ್ತದ ಮಣ್ಣು, ಇದ್ದಿಲ ಪುಡಿ ಕಲಸಿ ದಪ್ಪಗೆ ಮೆತ್ತಿ, ಕತ್ತರಿಸುವ ಬಾಯಿಯನ್ನು ಬರಿದಾಗಿ ಬಿಡಬೇಕು. ಕಾಯಿಸಿ ನೀರಿಗೆ ಅದ್ದಿದಾಗ ಬರಿದಾದ ಬಾಯಿ ತಟ್ಟನೆ ತಣಿದು ಗಡುಸಾಗುತ್ತದೆ; ಮಣ್ಣು ಹೊದ್ದ ಬೆನ್ನು ನಿಧಾನವಾಗಿ ತಣಿದು ಮೆತ್ತಗೆ ಉಳಿಯುತ್ತದೆ. ಸಾಣೆ ಹಿಡಿದು ಹುಣಸೆರಸ ತಿಕ್ಕಿದರೆ ಎರಡೂ ಸೇರುವ ಕಡೆ ಮಂಜಿನಂಥ ಗೆರೆ ಏಳುತ್ತದೆ. ಮಣ್ಣಿನ ಅಂಚು ಹೇಗೆ ಹರಿದಿತ್ತೋ ಗೆರೆಯೂ ಹಾಗೆಯೇ ಹರಿಯುತ್ತದೆ.

ಬೇರೆಯವರು ಮಣ್ಣನ್ನು ನೇರಕ್ಕೆ ಮೆತ್ತುತ್ತಿದ್ದರು. ದೊಡ್ಡತಾಯಮ್ಮನ ಬೆರಳು ನೇರಕ್ಕೆ ಹೋಗುತ್ತಿರಲಿಲ್ಲ. ಅವಳ ತವರು ದೊಡ್ಡಗದ್ದವಳ್ಳಿ. ಬೆಳಗಿನ ಹೊತ್ತು ಅಲ್ಲಿಯ ಕೆರೆಗೆ ನೀರಿಗೆ ಹೋದರೆ ದಂಡೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಗುಡಿಯ ಗೋಪುರಗಳು ಬುಡವಿಲ್ಲದೆ ಮಂಜಿನಲ್ಲಿ ತೇಲುತ್ತಿದ್ದವು. ಮದುವೆಯಾಗಿ ಬಂದ ಮೇಲೂ ಆ ದಂಡೆ ಅವಳ ಬೆರಳಿನಲ್ಲಿ ಉಳಿದಿತ್ತು. ಮಣ್ಣು ಮೆತ್ತುವಾಗ ಅವಳು ಮಾತಾಡುತ್ತಿರಲಿಲ್ಲ, ಕರೆದರೆ ಓಗೊಡುತ್ತಿರಲಿಲ್ಲ. ಅದನ್ನು ಭಕ್ತಿ ಎನ್ನುವವರಿದ್ದರು. ಅವಳು ಆ ಕೆರೆಗೆ ನೀರಿಗೆ ಹೋಗಿರುತ್ತಿದ್ದಳು, ಅಷ್ಟೇ.

ಸಾವಿರದ ಒಂಬೈನೂರ ನಲವತ್ತರ ಹೊತ್ತಿಗೆ ಗಂಗಾಚಾರಿಯ ಕಣ್ಣಿಗೆ ಪೊರೆ ಬರುತ್ತಿತ್ತು. ಬಡಿಯಲು ಕಣ್ಣು ಅಷ್ಟೇನೂ ಬೇಕಿಲ್ಲ. ಕೈಗೆ, ಕಿವಿಗೆ ತಿಳಿಯುತ್ತದೆ. ಆದರೆ ಹದಕ್ಕೆ ಕಾದ ಉಕ್ಕಿನ ಬಣ್ಣ ನೋಡಬೇಕು. ಅದಕ್ಕೆಂದೇ ಹಗಲಿನಲ್ಲೂ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಕುಲುಮೆಯನ್ನು ಕತ್ತಲು ಮಾಡುತ್ತಾರೆ. ಹಾಗಲಹಣ್ಣು ಬಿರಿದಾಗ ಒಳಗೆ ಕಾಣುವ ಕೆಂಪು ಬಂದ ಕೂಡಲೇ ಅದ್ದಬೇಕು. ಕನಕಾಂಬರದ ಬಣ್ಣಕ್ಕೆ ತಿರುಗಿತೋ, ನೀರಿನಲ್ಲಿ ಸೀಳು ಬಿಡುತ್ತದೆ.

ತಿದಿ ಒತ್ತುತ್ತಿದ್ದವಳು ದೊಡ್ಡತಾಯಮ್ಮ. ಬಣ್ಣ ಬಂದಾಗ ಅವಳು ಒತ್ತುವುದನ್ನು ನಿಲ್ಲಿಸುತ್ತಿದ್ದಳು. ತಿದಿಯ ಉಸಿರು ನಿಂತ ಕೂಡಲೇ ಗಂಗಾಚಾರಿ ಇಕ್ಕಳ ಎತ್ತುತ್ತಿದ್ದ. ಈ ವಿಷಯ ಇಬ್ಬರ ನಡುವೆ ಒಮ್ಮೆಯೂ ಬಾಯಿಗೆ ಬಂದದ್ದಿಲ್ಲ. ಅವನಿಗೆ ಗೊತ್ತಿದೆಯೋ, ತಾನೇ ಕಂಡೆನೆಂದು ನಂಬಿದ್ದಾನೋ, ಅವಳಿಗೂ ತಿಳಿಯದು.

ತಂಗಿಯ ಬಾಣಂತನಕ್ಕೆ ಅವಳು ತವರಿಗೆ ಹೋಗಿದ್ದಾಗ ಊರಗೌಡ ಕೆಂಪಣ್ಣನ ಎರಡು ಮಚ್ಚುಗಳು ನೀರಿನಲ್ಲೇ ಸೀಳಿದವು. ಗಂಗಾಚಾರಿ ಉಕ್ಕನ್ನು ದೂರಿದ. ಅವಳು ಹಿಂದಿರುಗಿದ ವಾರದಲ್ಲಿ ಕೆಂಪಣ್ಣ ಮರ ಕೊಯ್ಯುವವರು ಗರಗಸ ಮಸೆಯುವ ಹಳೆಯ ದೊಡ್ಡ ಅರವೊಂದನ್ನು ತಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಎಸೆದ. ಜೊತೆಗೆ ಅವನ ಆಳು ಸಣ್ಣಯ್ಯ ಇದ್ದ.

"ಯುದ್ಧದ ಕಾಲ ಆಚಾರಿ, ಇಂತಾ ಉಕ್ಕು ಇನ್ ಸಿಕ್ಕಾಕಿಲ್ಲ. ಇದೂ ಸೀಳ್ತೋ, ಸಾಲಗಾಮೆಯಿಂದ ಬ್ಯಾರೆ ಆಚಾರೀನ ಕರಸ್ತೀನಿ. ಕುಲುಮೆ ಅವಂದು, ಸುಗ್ಗಿ ಕಾಳೂ ಅವಂದು."

"ಸೀಳಾಕಿಲ್ಲ ಗೌಡ್ರೇ."

"ನಾನೇ ಕುಂತು ನೋಡ್ತೀನಿ. ಇಲ್ಲಿ ಎಜಮಾನ್ರು ಯಾರು ಅನ್ನೋದೇ ಅನುಮಾನ ಕಣಯ್ಯ. ಅವತ್ತು ತಿದಿ ಸಣ್ಣಯ್ಯ ಒತ್ಲಿ. ಎಂಗ್ಸು ಓಗಿ ರಾಗಿ ಬೀಸ್ಲಿ."

ಸಣ್ಣಯ್ಯ ಕಿಸಕ್ಕನೆ ನಕ್ಕ. ಗಂಗಾಚಾರಿ ಹೆಂಡತಿಯ ಕಡೆ ತಿರುಗದೆ, "ಅಂಗೇ ಆಗ್ಲಿ" ಎಂದ.

ಅವನು ಅರವನ್ನು ಬಡಿದು ಮಚ್ಚು ಮಾಡಿದ. ಅವಳು ಮಣ್ಣು ಮೆತ್ತಿ ನೆರಳಿನಲ್ಲಿ ಒಣಗಿಸಿದಳು. ಗೊತ್ತಾದ ದಿನ ಗೌಡ ಬಂದು ಕೂತ, ಕಂಬಳಿ ಇಳಿಯಿತು, ಸಣ್ಣಯ್ಯ ತಿದಿ ಹಿಡಿದ. ದೊಡ್ಡತಾಯಮ್ಮ ಮೊರದ ತುಂಬ ರಾಗಿ ತಂದು ಜಗಲಿಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತಳು. ಜಗಲಿಗೂ ಕುಲುಮೆಗೂ ನಡುವೆ ಇದ್ದದ್ದು ಬಿದಿರ ತಡಿಕೆ. ತಡಿಕೆಗೆ ಮೆತ್ತಿದ ಮಣ್ಣು ಒಂದು ಕಡೆ ಉದುರಿತ್ತು. ಅವಳು ಕಲ್ಲು ತಿರುಗಿಸುತ್ತಾ ಕಣ್ಣನ್ನು ಆ ಸಂದಿಗೆ ಇಟ್ಟಳು.

ಒಳಗೆ ಕತ್ತಲು ನೀರಿನಂತೆ ತುಂಬಿಕೊಂಡಿತ್ತು. ಅದರ ತಳದಲ್ಲಿ ಮಚ್ಚು ಮಲಗಿ ನಿಧಾನವಾಗಿ ಬೆಳಗುತ್ತಿತ್ತು. ಬೆನ್ನಿನ ಮಣ್ಣು ಕಪ್ಪು ದಂಡೆ, ಬಾಯಿ ಕೆಂಪು ನೀರು. ಆ ಗಳಿಗೆಯಲ್ಲಿ ಅವಳು ದೊಡ್ಡಗದ್ದವಳ್ಳಿಯಲ್ಲಿ ಕೊಡ ಹಿಡಿದು ನಿಂತಿದ್ದಳು, ಸೂರ್ಯ ಹುಟ್ಟುವುದನ್ನು ಕಾಯುತ್ತ. ಕಲ್ಲು ಗರಗರ ತಿರುಗುತ್ತಲೇ ಇತ್ತು.

ಹಾಗಲಹಣ್ಣು ಬಿರಿಯಿತು. ಅವಳು ಬೀಸುವ ಕಲ್ಲಿನ ಗೂಟದಿಂದ ಕೈ ತೆಗೆದಳು.

ಬೀಸುವ ಸದ್ದು ನಿಂತಿತು. ಸಣ್ಣಯ್ಯ ಒತ್ತುತ್ತಲೇ ಇದ್ದ. ಗಂಗಾಚಾರಿ ಬೆಂಕಿಯ ಕಡೆ ನೋಡುತ್ತಿರಲಿಲ್ಲ, ತಲೆ ಓರೆ ಮಾಡಿಕೊಂಡು ತಡಿಕೆಯ ಕಡೆ ಕಿವಿಯಿಟ್ಟಿದ್ದ.

"ಸಾಕು ನಿಲ್ಸ್ಲಾ!"

ಇಕ್ಕಳ ಎದ್ದಿತು, ಮಚ್ಚು ಮರಿಗೆಯ ನೀರಿಗೆ ಇಳಿಯಿತು. ಹಬೆ ಎದ್ದು ಗೌಡನ ಮುಖ ಮುಚ್ಚಿತು. ಸೀಳುವಾಗ ಬರುವ ಟಣ್ ಎಂಬ ಸದ್ದಿಗಾಗಿ ಎಲ್ಲರೂ ಉಸಿರು ಹಿಡಿದರು. ನೀರು ಕುದಿದು ಸುಮ್ಮನಾಯಿತು. ಸದ್ದು ಬರಲಿಲ್ಲ.

ಬಿಸಿ ಬೂದಿಯಲ್ಲಿಟ್ಟು ತೆಗೆದು, ಸಾಣೆ ಹಿಡಿದು, ಹುಣಸೆರಸ ತಿಕ್ಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೌಡ ಮಚ್ಚನ್ನು ಬೆಳಕಿಗೆ ಓರೆಯಾಗಿ ಹಿಡಿದ. ಉದ್ದಕ್ಕೂ ಬಿಳಿಯ ದಂಡೆ ಬಾಗಿ ಬಳುಕಿ ಹರಿದಿತ್ತು. ಅದರ ಮೇಲೆ ಅಲ್ಲಲ್ಲಿ ಹೊಗೆಯಂಥ ಚುಕ್ಕೆಗಳು ತೇಲುತ್ತಿದ್ದವು.

"ಕೆರೆ ಮ್ಯಾಲೆ ಮಂಜು ಬಿದ್ದಂಗೈತಲ್ಲ ಆಚಾರಿ! ಇದ್ರಲ್ಲಿ ಕಾಯಿ ಕೆತ್ತಾಕೂ ಮನ್ಸು ಬರಾಕಿಲ್ಲ."

"ಕೆತ್ರಿ ಗೌಡ್ರೇ. ಬಾಯಿ ಮುಕ್ಕಾಗಾಕಿಲ್ಲ."

ಸಾಲಗಾಮೆಯ ಮಾತು ಮತ್ತೆ ಬರಲಿಲ್ಲ. ಅವರಿಬ್ಬರೂ ಹೋದ ಮೇಲೆ ಗಂಗಾಚಾರಿ ಜಗಲಿಗೆ ಬಂದು ತಡಕಾಡುತ್ತ ಬೀಸುವ ಕಲ್ಲಿನ ಪಕ್ಕ ಕೂತ.

"ರಾಗಿ ಬೀಸಿ ಆಯ್ತಾ?"

"ಎಲ್ಲಿ ಆಯ್ತು, ಅರ್ಧಕ್ಕೇ ನಿಂತೋಯ್ತಲ್ಲ."

ಅವನು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಇನ್ಮ್ಯಾಕೆ ಯಾರಾನ ಬಂದು ಕುಂತ್ರೆ ಕಲ್ನ ತಡಿಕೆಗೆ ಇನ್ನೊಸಿ ಅತ್ರ ಹಾಕ್ಕೋ. ಗಾಳಿ ಇದ್ರೆ ಸರ್ಯಾಗಿ ಕೇಳಾಕಿಲ್ಲ."

ದೊಡ್ಡತಾಯಮ್ಮ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿ ತಿರುಗಿಸತೊಡಗಿದಳು.